ಹಸಿದ ಸಿದ್ದಪ್ಪನೂ ನನ್ನ ನಾಲಿಗೆಯೂ

ಬುದ್ಧಿವಂತರೆಂದು ಹೆಸರಾದವರಲ್ಲಿ ಅರ್ಧ ಜನ ಏನನ್ನೋ ಮುಚ್ಚಿಡುತ್ತಿರುತ್ತಾರೆ. ಇನ್ನರ್ಧದವರ ವಿಷಯ ನನಗೆ ಗೊತ್ತಿಲ್ಲ, ನಾನು ಮೊದಲನೇ ಅರ್ಧದವನು. ನಾನು ಮುಚ್ಚಿಟ್ಟಿದ್ದು ‘ಸ’. ಹೇಳಲು ಹೋದರೆ ನಾಲಿಗೆ ಹಲ್ಲಿನ ಸಂದಿಯಿಂದ ಇಣುಕಿ ‘ಥ’ ಅನ್ನುತ್ತಿತ್ತು. ಚಿಕ್ಕಂದಿನಲ್ಲೇ ಬಜೆ ತೇದು ಹಚ್ಚಿ ವಾಸಿ ಮಾಡಿದೆನೆಂದು ಅಜ್ಜಿಗೆ ಹೆಮ್ಮೆ. ನಿಜದಲ್ಲಿ ನನ್ನನ್ನು ಕಾಪಾಡಿದ್ದು ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಯ ಎರಡು ಭಾಷೆ. ಕನ್ನಡದ ‘ಸೊಪ್ಪು’ ಬಂದರೆ ತಮಿಳಿಗೆ ಹಾರಿ ‘ಕೀರೆ’ ಅನ್ನುತ್ತಿದ್ದೆ. ತಮಿಳಿನ ‘ಸೋರು’ ಬಂದರೆ ಕನ್ನಡಕ್ಕೆ ಮರಳಿ ‘ಅನ್ನ’ ಅನ್ನುತ್ತಿದ್ದೆ. ‘ಸುಮ್ನಿರು’ ಮಾತ್ರ ತಮಿಳಿನಲ್ಲೂ ‘ಸುಮ್ಮಾ ಇರು’. ಅದಕ್ಕೇ ನನ್ನ ತಂಗಿ ಅಷ್ಟು ಮಾತಾಡುತ್ತಾಳೆ. ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ, ಓದುತ್ತಿದ್ದೇನೆ ಎನ್ನಲಾಗದೆ ಬರೀ ‘ಹನ್ನೊಂದು’ ಅಂದರೆ, ಬಂದವರು ಅದನ್ನು ನನ್ನ ವಯಸ್ಸೆಂದುಕೊಂಡು ಮೀಸೆಯನ್ನೇ ನೋಡುತ್ತಿದ್ದರು.

ಇದರಿಂದ ಒಂದು ಅನಾಹುತವಾಯಿತು. ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ಮನೆದೇವರ ಗುಡಿಯಿದೆ. ವರ್ಷಕ್ಕೊಮ್ಮೆ ಅಲ್ಲಿ ಎಡೆ ಇಟ್ಟು, ತೀರಿಕೊಂಡ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಒಬ್ಬ ಕೂಗಬೇಕು, ಮಕ್ಕಳೆಲ್ಲ ಒಟ್ಟಿಗೆ ಅದನ್ನೇ ಹೇಳಬೇಕು. ಹೆಸರು ಬಿಟ್ಟರೆ ಆ ಹಿರಿಯರು ಹಸಿದೇ ಹೋಗುತ್ತಾರೆಂದು ಅಜ್ಜಿಯ ನಂಬಿಕೆ. ಹೋದ ವರ್ಷ ಕೂಗುವ ದೊಡ್ಡಪ್ಪನ ಗಂಟಲು ಕಟ್ಟಿತ್ತು.

“ಇವನೇ ಕೂಗ್ಲಿ. ನಿಮ್ಮ ಮಕ್ಕಳೆಲ್ಲ ಸೋರು ಸೋರು ಅಂತವೆ, ಇವನೊಬ್ನೇ ಅನ್ನ ಅನ್ನೋನು!” ಎಂದಳು ಅಜ್ಜಿ.

ತಂಗಿ ನನ್ನ ಕಿವಿಯಲ್ಲಿ, “ಮಾಟ್ಟಿಕ್ಕಿಟ್ಟ, ಅಣ್ಣಾ. ಸಿಕ್ಕಾಕೊಂಡೆ!” ಎಂದಳು.

ಹಿರಿಯರ ಹೆಸರಿನ ಪಟ್ಟಿ ನೋಡಿದೆ: ಸಿದ್ದಪ್ಪ, ಸಣ್ಣಪ್ಪ, ಸವಡಮ್ಮ. ಸೊಪ್ಪನ್ನು ಕೀರೆ ಮಾಡಬಹುದು, ಮುತ್ತಜ್ಜನನ್ನು ಏನು ಮಾಡಲಿ? ಬಿಟ್ಟುಬಿಡೋಣವೆಂದರೆ ಮೂವರು ಹಿರಿಯರು ಹಸಿವಿನಲ್ಲಿ ನನ್ನನ್ನೇ ದಿಟ್ಟಿಸುತ್ತಿರುವಂತೆ ಅನಿಸಿತು. ಕಣ್ಣು ಮುಚ್ಚಿ, “ಥಿದ್ದಪ್ಪಾ, ಉಣ್ಣೋಕೆ ಬಾ!” ಎಂದು ಕೂಗಿದೆ.

ನಗು ಬರುತ್ತದೆಂದು ಕಾದೆ. ಬಂದದ್ದು ದಿಂಡಿಗಲ್, ತೇನಿಗಳಿಂದ ಅದೇ ಮೊದಲ ಸಲ ಬಂದಿದ್ದ ಹನ್ನೆರಡು ಮಕ್ಕಳ ದನಿ: “ಥಿದ್ದಪ್ಪಾ, ಉಣ್ಣೋಕೆ ಬಾ!” ಪಾಪ, ಕನ್ನಡ ಅಂದರೆ ಹೀಗೇ ಎಂದುಕೊಂಡು ಹನ್ನೆರಡು ನಾಲಿಗೆಯನ್ನೂ ಹೊರಗೆ ಚಾಚಿದ್ದವು. ಥಣ್ಣಪ್ಪನೂ ಬಂದ, ಥವಡಮ್ಮನೂ ಬಂದಳು. ಮೊಮ್ಮಕ್ಕಳೆಲ್ಲ ಒಟ್ಟಿಗೆ ಕನ್ನಡ ಆಡಿದರೆಂಬ ಸಂಭ್ರಮದಲ್ಲಿ ಅಜ್ಜಿಗೆ ‘ಥ’ ಕೇಳಲೇ ಇಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಯೊಬ್ಬಳೇ ಕಂಬ ಹಿಡಿದುಕೊಂಡು ನಗುತ್ತಿದ್ದಳು.

ಮಾನ ಉಳಿಯಿತು, ಆದರೆ ಮನಸ್ಸು ಚುಚ್ಚಿತು. ವರ್ಷವಿಡೀ ಕನ್ನಡಿಯ ಮುಂದೆ ಪೆನ್ಸಿಲ್ ಕಚ್ಚಿಕೊಂಡು ಹಾವಿನ ಹಾಗೆ ‘ಸ್ಸ್’ ಅಂದೆ. ಈ ವರ್ಷ ಎದೆ ಉಬ್ಬಿಸಿ, “ಸಿದ್ದಪ್ಪಾ!” ಎಂದು ಕೂಗಿದೆ. ಬಂಗಾರದಂಥ ಸ. ಒಂದು ಮಗುವೂ ಬಾಯಿ ಬಿಡಲಿಲ್ಲ.

ತೇನಿ ಚಿಕ್ಕಪ್ಪನ ಆರು ವರ್ಷದ ಮಗಳು ಅಜ್ಜಿಯ ಸೀರೆ ಜಗ್ಗಿ ದೂರು ಕೊಟ್ಟಳು: “ಪಾಟ್ಟೀ, ಅಣ್ಣನುಕ್ಕು ಕನ್ನಡಮೇ ವರಲೆ!” ಅಣ್ಣನಿಗೆ ಕನ್ನಡವೇ ಬರೋಲ್ಲವಂತೆ.

“ಆಟ ಆಡ್ಬೇಡ ನನ್ ಕಣ್ಣು, ಹಿರೀಕ್ರು ಹಸ್ಕೊಂಡು ಕುಂತವ್ರೆ. ಹೋದ್ವರ್ಷ ಚೆನ್ನಾಗಿ ಕೂಗಿದ್ಯಲ್ಲ, ಹಂಗೇ ಕೂಗು” ಎಂದಳು ಅಜ್ಜಿ ನನಗೆ.

ನಾಲಿಗೆಯನ್ನು ಹಲ್ಲಿನ ಸಂದಿಗೆ ತುರುಕಲು ನೋಡಿದೆ. ಅಭ್ಯಾಸ ತಪ್ಪಿಹೋಗಿತ್ತು. ಮೂರನೇ ಸಲಕ್ಕೆ ‘ಥ’ ಸರಿಯಾಗಿ ಬಂತು.