ಮಾತು ಕೇಳಿದ ಫೈಲು

ಬೆಳಿಗ್ಗೆ ಫೈಲು ತೆರೆದ ಕೂಡಲೇ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ‘ಈ ಫೈಲಿನ ನೆತ್ತಿಯ ಮೇಲೆ ಅದರದೇ ಸೂಚನೆಗಳಿವೆ. ನಂಬಿ ಪಾಲಿಸಲೇ?’ ಒಂದು ಕೈಯಲ್ಲಿ ಬಿಸಿ ಕಾಫಿ, ಇನ್ನೊಂದರಲ್ಲಿ ಕಿತ್ತುಹೋದ ಚಪ್ಪಲಿ ಹಿಡಿದು ಬಂದಿದ್ದವನಿಗೆ ಜಗತ್ತಿನಲ್ಲಿ ಯಾರನ್ನೂ ನಂಬುವ ಮನಸ್ಸಿರಲಿಲ್ಲ. ಕಿರುಬೆರಳಿನಿಂದಲೇ ‘ಎಂದಿಗೂ ಬೇಡ’ ಒತ್ತಿ, ಅಲ್ಲೇ ಮರೆತ.

ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಕೈಪಿಡಿ ಎಂದೇ. ನೀರೆತ್ತುವ ಪಂಪಿನ ಕಂಪನಿ. ಪಂಪಿನ ಜೊತೆ ಡಬ್ಬದಲ್ಲಿ ಹೋಗುವ ಕೈಪಿಡಿ ಬರೆಯುವುದು ಅವನ ಕೆಲಸ. ಬರೆಯುವುದೆಂದರೆ, ಮ್ಯಾನೇಜರು ಕೊಟ್ಟಿದ್ದನ್ನು ಟೈಪು ಮಾಡುವುದು. ಮ್ಯಾನೇಜರ ವಾಕ್ಯ ಗೂಡ್ಸ್ ರೈಲಿನ ಹಾಗೆ. ಇಂಜಿನ್ನು ಕಣ್ಮರೆಯಾದರೂ ಡಬ್ಬಿಗಳು ಬರುತ್ತಲೇ ಇರುತ್ತವೆ. ತಡೆಯಲಾರದೆ ಕೈಪಿಡಿ ಪ್ರತಿ ವಾಕ್ಯದ ಕೆಳಗೂ ತನಗಾಗಿ ಒಂದು ಟಿಪ್ಪಣಿ ಹಾಕಿಕೊಂಡಿದ್ದ: ‘ಅಯ್ಯೋ, ಇಷ್ಟೇ: ಮೊದಲು ನೀರು ತುಂಬಿ, ಆಮೇಲೆ ಸ್ವಿಚ್ ಹಾಕಿ. ಇದಕ್ಕೆ ಅರ್ಧ ಪುಟ ಬೇಕಿತ್ತೇ ಸಾಹೇಬರಿಗೆ?’ ಅವು ಯಾರ ಕಣ್ಣಿಗೂ ಬೀಳದಿರಲೆಂದು ಫೈಲಿನ ಮೊದಲ ಸಾಲಿನಲ್ಲೇ ‘ಟಿಪ್ಪಣಿ ಅಚ್ಚಾಗಬಾರದು’ ಎಂದು ಸೂಚನೆ ಕೊಟ್ಟಿದ್ದ.

ಸಂಜೆಯೊಳಗೆ ಕೈಪಿಡಿಯ ಪಿಡಿಎಫ್ ಸಾಹೇಬರಿಗೆ ಒಪ್ಪಿಗೆಯಾದರೆ ಕೆಲಸ ಕಾಯಂ. ಪಿಡಿಎಫ್ ತೆಗೆದು ನೋಡಿದ. ಟಿಪ್ಪಣಿಗಳೆಲ್ಲ ಅದರಲ್ಲಿ ಹಲ್ಲು ಕಿರಿಯುತ್ತಾ ಕೂತಿದ್ದವು.

“ಏನೋ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?” ಪಕ್ಕದ ಮೇಜಿನ ಲೆಕ್ಕದ ಅಕ್ಕ ಬಗ್ಗಿ ನೋಡಿದರು. “ಅಳಿಸಿಬಿಡು ಅತ್ಲಾಗೆ.”

“ಇಡೀ ಕೈಪಿಡೀಲಿ ನಾನು ಬರೆದಿರೋದು ಅದೊಂದೇ ಅಕ್ಕಾ!”

ಅಷ್ಟರಲ್ಲಿ ಸ್ಟೋರಿನ ಮಾಮ ಬಂದರು. “ಫೈಲಿಗೆ ಬೇರೆ ಏನಾದ್ರೂ ಹೇಳಿ ನೋಡು. ಅಕ್ಷರ ದೊಡ್ಡದಾಗ್ಲಿ ಅನ್ನು, ನಂಗೂ ಕನ್ನಡಕ ಹುಡುಕೋದು ತಪ್ಪುತ್ತೆ.”

ಕೈಪಿಡಿ ಆ ಸಾಲನ್ನೂ ಸೇರಿಸಿದ. ಅಕ್ಷರ ಇರುವೆಯಷ್ಟಿದ್ದದ್ದು ಇರುವೆಯಷ್ಟೇ ಉಳಿಯಿತು.

“ಥೇಟ್ ನಮ್ಮ ಯಜಮಾನ್ರೇ ಇದು,” ಅಂದರು ಅಕ್ಕ. “ಬೇಡ ಅಂದಿದ್ದನ್ನೇ ಮಾಡೋದು. ಉಲ್ಟಾ ಹೇಳು. ‘ಟಿಪ್ಪಣಿ ಮಾತ್ರ ಸಾಕು, ಮಿಕ್ಕಿದ್ದೇನೂ ಬೇಡ’ ಅನ್ನು, ತಾನಾಗೇ ದಾರಿಗೆ ಬರುತ್ತೆ.”

ಮೊದಲ ಸಾಲು ಕಿತ್ತು ಅದನ್ನೇ ಬರೆದದ್ದಾಯಿತು. ಫೈಲು ಅಕ್ಕನ ಮಾತಿಗೂ ಮಿಸುಕಲಿಲ್ಲ. ಫೋನು ಮಾತ್ರ ಬಡಿದುಕೊಂಡಿತು. “ಎಲ್ಲಯ್ಯಾ ನನ್ನ ಕೈಪಿಡಿ?” ಮ್ಯಾನೇಜರು.

“ನಮ್ಮ ವಾಚ್‌ಮನ್ ನೆನಪಾಗ್ತಾನೆ ಕಣೋ,” ಮಾಮ ನಿಟ್ಟುಸಿರು ಬಿಟ್ಟರು. “ಸ್ಟೋರೊಳಗೆ ಯಾರನ್ನೂ ಬಿಡ್ಬೇಡ ಅಂದಿದ್ದೆ. ಮಾರನೇ ದಿನ ನನ್ನನ್ನೇ ಬಿಡ್ಲಿಲ್ಲ ಪುಣ್ಯಾತ್ಮ.”

ಕೈಪಿಡಿ ಕುರ್ಚಿಯಿಂದ ಎಗರಿದ. ಕಾಫಿ, ಚಪ್ಪಲಿ, ಕಿರುಬೆರಳು, ಎಲ್ಲವೂ ನೆನಪಾಯಿತು! ಸೆಟ್ಟಿಂಗಿನೊಳಗೆ ತಡಕಿ ‘ಎಂದಿಗೂ ಬೇಡ’ ಅಳಿಸಿ ‘ಯಾವಾಗಲೂ ನಂಬು’ ಎಂದು ಒತ್ತಿದ. ಪಿಡಿಎಫ್ ತೆಗೆದರೆ ಮೇಲಿನ ಶೀರ್ಷಿಕೆಯೇ ಹಲಸಿನಕಾಯಿಯಂತೆ ಊದಿಕೊಂಡು ಬಂತು.

“ಕೇಳ್ತು! ಅಕ್ಕಾ, ನನ್ನ ಮಾತು ಕೇಳ್ತು!” ಎಂದವನೇ ಅದನ್ನು ಮ್ಯಾನೇಜರಿಗೆ ಕಳಿಸಿಯೂಬಿಟ್ಟ.

ಅಕ್ಕ ಚಪ್ಪಾಳೆ ತಟ್ಟುತ್ತಿದ್ದವರು ನಡುವೆಯೇ ನಿಂತರು. “ಅಲ್ವೋ... ನಾನು ಹೇಳಿದ ಸಾಲು ತೆಗೆದ್ಯಾ?”

ಕೈಪಿಡಿ ತೆರೆದು ನೋಡಿದ. ಫೈಲು ಈಗ ಒಂದಕ್ಷರ ಬಿಡದೆ ಮಾತು ಕೇಳಿತ್ತು. ಮ್ಯಾನೇಜರ ವಾಕ್ಯ ಒಂದೂ ಇರಲಿಲ್ಲ. ಬರೀ ಟಿಪ್ಪಣಿ. ಅದೂ ದೊಡ್ಡಕ್ಷರದಲ್ಲಿ.

ಕರೆ ಬಂದಾಗ ಅವನು ಊಟದ ಡಬ್ಬಿಯನ್ನೂ ಚೀಲಕ್ಕೆ ತುಂಬಿಕೊಂಡೇ ಒಳಗೆ ಹೋದ. ಮ್ಯಾನೇಜರು ಓದುತ್ತಿದ್ದರು. ಅವರ ಹೊಟ್ಟೆ ಕುಣಿಯುತ್ತಿತ್ತು. ಸಿಟ್ಟಿಗೋ ನಗುವಿಗೋ ತಿಳಿಯಲಿಲ್ಲ.

“ಇಷ್ಟು ವರ್ಷ ಪಂಪು ಮಾರಿದೀನಿ ಕಣಯ್ಯಾ. ಅದನ್ನ ಶುರು ಮಾಡೋದು ಹೇಗೆ ಅಂತ ಇವತ್ತು ಅರ್ಥ ಆಯ್ತು! ನನ್ನ ಬೈದಿರೋದು ಸ್ವಲ್ಪ ಕಮ್ಮಿ ಮಾಡು. ಪೂರ್ತಿ ತೆಗೀಬೇಡ, ಓದೋಕೆ ಚೆನ್ನಾಗಿದೆ.”

“ಹಾಗಾದ್ರೆ... ಕಾಯಂ, ಸಾರ್?”

“ಆಗದೇ ಏನು!” ಮ್ಯಾನೇಜರು ಎದ್ದು ಗೋಡೆಯ ಕಪಾಟು ತೆರೆದರು. ಕೆಳಗಿನಿಂದ ಸೂರಿನವರೆಗೂ ಹಳೆಯ ಕೈಪಿಡಿಗಳು, ಎಲ್ಲದರಲ್ಲೂ ಅವರದೇ ವಾಕ್ಯ. “ಇವನ್ನೂ ಹೀಗೇ ಬರೆದುಕೊಡು. ಮುಗಿದ ದಿನವೇ ಕಾಯಂ.”

ಗದ್ದದವರೆಗೂ ಹೊರೆ ಹೊತ್ತು ಕೈಪಿಡಿ ಹೊರಗೆ ಬಂದ. ಮೇಜಿನ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಹೊಸ ಫೈಲು ತೆರೆದ. ಅಕ್ಕನೂ ಮಾಮನೂ ಬಾಯಿ ತೆರೆಯುವ ಮೊದಲೇ, ಅದರ ನೆತ್ತಿಯ ಮೇಲೆ ತಾನೇ ಬರೆದ: ‘ಟಿಪ್ಪಣಿ ಮಾತ್ರ ಸಾಕು.’