ಸೋಮಣ್ಣ ಮರಕ್ಕೆ ಗಂಜಿ ಹಾಕಿದ್ದು

ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕಿಳಿದ ಸೋಮಣ್ಣ ತಲೆಯೆತ್ತಿ ನೋಡಿದವನೇ ಬಾಯಲ್ಲಿದ್ದ ನೊರೆಯನ್ನು ಉಗುಳಲು ಮರೆತು ನುಂಗಿಬಿಟ್ಟ. ಬಚ್ಚಲಿನ ಪಕ್ಕದ ಮಿಡಿಮಾವಿನ ಮರ ಕಪ್ಪಾಗಿತ್ತು! ಎಲೆ ಎಲೆಗೂ ಯಾರೋ ದೋಸೆಕಾವಲಿಯ ತಳ ಒರೆಸಿದ ಹಾಗೆ ಮಸಿ.

ಅದು ಸಾಮಾನ್ಯ ಮರವಾಗಿದ್ದರೆ ಅವನು ಬಾಯಿ ತೊಳೆದುಕೊಂಡು ಕೋಟದ ತನ್ನ ಜವಳಿ ಅಂಗಡಿಗೆ ಹೊರಟುಬಿಡುತ್ತಿದ್ದ. ಆದರೆ ಇದು ಹೆಂಡತಿ ಮುತ್ತುವಿನ ತವರಿನ ಮರ. ಗುಲ್ವಾಡಿಯಲ್ಲಿ ಅವಳ ಅಮ್ಮ ನೆಟ್ಟ ಮರ ಗಾಳಿಗೆ ಉರುಳಿದಾಗ ಮುತ್ತು ಅದರ ಒಂದು ಕೊಂಬೆ ತಂದು ಕಸಿ ಕಟ್ಟಿಸಿ, ಕೂಸಿನಂತೆ ಸಾಕಿದ್ದಳು. ಅಮ್ಮ ಈಗಿಲ್ಲ, ಆ ಮರವೂ ಇಲ್ಲ, ಉಳಿದದ್ದು ಇದೊಂದೇ. ಗಂಡನಿಗೆ ಜ್ವರ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗುವ ಮುತ್ತು, ಈ ಮರದ ಎಲೆ ಬಾಡಿದರೆ ಊಟ ಬಿಡುವವಳು.

ತಪ್ಪು ತನ್ನ ತಲೆಗೆ ಬರುವ ಮೊದಲೇ ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಬುದ್ಧಿವಂತರ ಲಕ್ಷಣ. ಸೋಮಣ್ಣ ಬುದ್ಧಿವಂತ.

"ಮುತ್ತೂ! ಹೊರ್ಗ್ ಬಾ! ಕಾಣ್, ನಿನ್ನ ಬಚ್ಚಲೊಲೆ ಮಾಡದ್ ಕೆಲ್ಸ!"

ಮುತ್ತು ಬಂದಳು, ನೋಡಿದಳು, ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವ್ರೇ! ಅಮ್ಮನ ಮರ!"

"ಎಲ್ಲ ಹೊಗೆ. ದಿನಾ ತೆಂಗಿನ ಮಡಲು, ಸಿಪ್ಪೆ ಹಾಕಿ ಉರ್ಸ್ತೆ ಅಲ್ದಾ? ಮಸಿ ಹೋಗಿ ಕೂತಿತ್ತ್."

"ಆ ಒಲೆ ನಾ ಮದಿಯಾಯಿ ಈ ಮನಿಗ್ ಬಪ್ಪತಿಗೇ ಇತ್ತ್. ಇಷ್ಟ್ ವರ್ಷ ಇಲ್ದದ್ ಮಸಿ ಈಗೆಲ್ಲಿಂದ ಬಂತ್?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದ್ದರಿಂದ ಸೋಮಣ್ಣ ಧ್ವನಿ ಏರಿಸಿದ. ಇಂದಿನಿಂದ ಈ ಗೃಹದಲ್ಲಿ ಬಚ್ಚಲೊಲೆಗೆ ಅಗ್ನಿಸ್ಪರ್ಶ ನಿಷಿದ್ಧವೆಂದು ರಾಜಾಜ್ಞೆ ಹೊರಡಿಸಿದ. "ತಣ್ಣೀರ್ ಮೈಗ್ ಒಳ್ಳೇದ್," ಎಂದೂ ಸೇರಿಸಿದ.

"ಆಯ್ತ್. ಮರ ಉಳಿತ್ತಾರೆ ನಾ ತಣ್ಣೀರಲ್ಲೇ ಮೀತೆ," ಎಂದಳು ಮುತ್ತು, ಕಣ್ಣೊರೆಸಿಕೊಳ್ಳುತ್ತ. "ಆರೆ ಇನ್ನ್ ಆ ಒಲಿಗ್ ಬೆಂಕಿ ಬೀಳ್ಕಾರೆ ನೀವೇ ಕೈಮುಗ್ದ್ ಕೇಣ್ಕ್."

ಒಲೆ ಆರಿತು. ಸೋಮಣ್ಣ ಚೆಂಬು ಚೆಂಬಿಗೂ ದೇವರ ಹೆಸರು ಹೇಳಿ ಮೀಯತೊಡಗಿದ. (ಇಷ್ಟು ಭಕ್ತಿ ಅವನಿಗೆ ಹಿಂದೆಂದೂ ಇರಲಿಲ್ಲ.) ತಣ್ಣಗಾದ ಒಲೆ ಕಂಡು ಖುಷಿಪಟ್ಟದ್ದು ಮನೆಯ ಹೇಂಟೆ ಕೋಳಿ ಮಾತ್ರ, ಬೂದಿ ಕೆದರುತ್ತ ಒಳಗೆ ಹೊರಗೆ ಓಡಾಡಿಕೊಂಡಿತ್ತು. ಮರ ಮಾತ್ರ ಇನ್ನಷ್ಟು ಕಪ್ಪಾಯಿತು. ಜೊತೆಗೆ ಅಡುಗೆಮನೆಯಲ್ಲಿ ಇನ್ನೊಂದು ಗಲಾಟೆ.

"ಹ್ವಾಯ್, ಜೋನಿಬೆಲ್ಲದ್ ಡಬ್ಬಿ ಖಾಲಿ! ನೀರ್‌ದೋಸಿಗ್ ಅಂದೇಳಿ ಇಟ್ಟದ್!"

"ಇರುವೆ ತಿಂದಿರ್ಕ್."

"ತಿಂದ್ಕಂಡ್, ಮುಚ್ಚಳ ಬಿಗಿ ಮಾಡಿ ಹೋಯ್ತಾ ಇರುವೆ?"

ಸೋಮಣ್ಣನಿಗೆ ಆ ಹೊತ್ತಿಗೆ ಅಂಗಡಿಯ ನೆನಪಾಯಿತು.

ಎರಡು ವಾರ ಕಳೆದು ಒಂದು ಭಾನುವಾರ ಮುತ್ತುವಿನ ಅಣ್ಣನ ಮಗಳು ಧನ್ಯಶ್ರೀ ಬಂದಳು. ಬ್ರಹ್ಮಾವರದಲ್ಲಿ ಕೃಷಿ ಓದುವ ಹುಡುಗಿ. ಚಪ್ಪಲಿ ಬಿಡುವ ಮೊದಲೇ ಮರದ ಹತ್ತಿರ ಹೋಗಿ ಒಂದು ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಕಪ್ಪು ಎದ್ದುಬಂತು, ಅಡಿಯಲ್ಲಿ ಎಲೆ ಹಸಿರಾಗಿಯೇ ಇತ್ತು.

"ಇದ್ ಮಸಿ ಅಲ್ಲ ಮಾವ, ಬೂಷ್ಟ್. ಶಿಲೀಂಧ್ರ."

ಶಿಲೀಂಧ್ರ! ಆ ಶಬ್ದದ ಭಾರಕ್ಕೇ ಸೋಮಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. "ಬೂಷ್ಟ್ ಉಪ್ಪಿನ್ಕಾಯಿಗ್ ಬಪ್ಪುದಲ್ದಾ? ಮಿಡಿ ಆಪುಕ್ ಮೊದ್ಲೇ ಬಂತಾ?"

"ಮರ ಸಾಯತ್ತಾ ಹೆಣ್ಣೇ?" ಮುತ್ತು ಅವಳ ಕೈ ಹಿಡಿದುಕೊಂಡಳು.

"ಇಲ್ಲ ಅತ್ತೆ. ಇದ್ ಎಲಿ ಮೇಲೆ ಕೂಕಂಬುದ್ ಅಷ್ಟೇ. ಹುಳ ಬಿಡು ಸಿಹಿ ಅಂಟಿನ್ ಮೇಲೆ ಬೆಳಿತ್ತ್. ಆರೆ ಇಲ್ಲಿ ಹುಳವೇ ಕಾಣುದಿಲ್ಲ." ಧನ್ಯಶ್ರೀ ಎಲೆಯನ್ನು ಮೂಗಿಗೆ ಹಿಡಿದಳು. "ಅತ್ತೆ, ಇದ್ ಜೋನಿಬೆಲ್ಲದ್ ವಾಸ್ನಿ!"

ಮುತ್ತು ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಜೇನ್ನೊಣ ಬರ್ಲಿ ಅಂದೇಳಿ... ಹೂ ನಿಂತ್ಕಂತ್ ಅಂದ್ ಮೊಬೈಲಲ್ಲಿ ಹೇಳಿರ್," ಎಂದು ಸೋಮಣ್ಣ ತೊದಲಿದ. "ಒಂದ್ ಬಕೆಟ್ ನೀರಿಗ್ ಒಂದ್ ಚಮಚ ಬೆಲ್ಲ ಹಾಕಿ ಮರಕ್ಕ್ ಹೊಡಿಕ್ ಅಂದೇಳಿ."

"ನೀವ್ ಎಷ್ಟ್ ಹಾಕದ್ದ್?" ಮುತ್ತು ಕೇಳಿದಳು.

"ಅರ್ಧ ಡಬ್ಬಿ."

"ಮರ ಕಪ್ಪಾದ್ ಮೇಲೆ?"

"ಸುಸ್ತಾಯ್ತೇನೋ ಅಂದೇಳಿ... ಉಳ್ದದ್ದೂ."

ತಾನೇ ಕೈಯಾರೆ ಬೂಷ್ಟಿಗೆ ಅನ್ನಸಂತರ್ಪಣೆ ಮಾಡಿದೆನೆಂದು ಸೋಮಣ್ಣನಿಗೆ ಆಗ ಹೊಳೆಯಿತು. ಮುತ್ತು ಬೈದಿದ್ದರೂ ಆಗುತ್ತಿತ್ತು. ಅವಳು ಬೈಯದೆ ಖಾಲಿ ಡಬ್ಬಿ ತಂದು ಅವನ ಮುಂದಿಟ್ಟಳು.

ಮದ್ದೂ ಮನೆಯಲ್ಲೇ ಇತ್ತು. ದಪ್ಪ ಗಂಜಿತಿಳಿ ಹೊಡೆದರೆ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಏಳುತ್ತದೆ, ಏಳುವಾಗ ಬೂಷ್ಟನ್ನೂ ಕಿತ್ತುಕೊಂಡು ಉದುರುತ್ತದೆ ಎಂದಳು ಧನ್ಯಶ್ರೀ. ಸೋಮಣ್ಣನಿಗೆ ಗಂಜಿತಿಳಿ ಹೊಸದಲ್ಲ. ಅವನ ಬಿಳಿ ಅಂಗಿಗಳೆಲ್ಲ ಅದರಲ್ಲೇ ಅದ್ದಿ ಇಸ್ತ್ರಿಯಾಗಬೇಕು; ಅವನಿಗಿಂತ ಮೊದಲು ಅವನ ಕಾಲರು ಅಂಗಡಿ ಮುಟ್ಟಬೇಕು.

"ಹಂಗಾರೆ ಮದ್ದ್ ಹೊಡು ಪಂಪ್ ನೀವೇ ಹಿಡ್ಕಣಿ," ಎಂದಳು ಮುತ್ತು. "ಮಾಡಿದ್ದುಣ್ಣೋ ಮಹಾರಾಯ."

ಸೋಮಣ್ಣ ಕೊಂಬೆ ಕೊಂಬೆಗೂ ಗಂಜಿ ಹೊಡೆದ. ಮೇಲಕ್ಕೆ ಹೋದ ಗಂಜಿಯ ಅರ್ಧ ಪಾಲನ್ನು ಕಡಲಗಾಳಿ ಅವನಿಗೇ ವಾಪಸು ಕೊಟ್ಟಿತು. ಮಧ್ಯಾಹ್ನದ ಬಿಸಿಲಿಗೆ ಮರ ಒಣಗಿತು, ಅವನೂ ಒಣಗಿದ. ಆಮೇಲೆ ಗಾಳಿ ಬೀಸಿದ್ದೇ ತಡ, ಕಪ್ಪು ಹಪ್ಪಳದ ಚೂರುಗಳು ಪರಪರನೆ ಉದುರತೊಡಗಿದವು. ಅಲ್ಲೊಂದು ಇಲ್ಲೊಂದು ಹಸಿರೆಲೆ ಹೊಳೆಯಿತು. ಮುತ್ತು ಓಡಿಬಂದು ಮರದ ಬುಡ ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ನಗು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಕುಸುಮ ಕೂಗಿದಳು. "ಹ್ವಾಯ್ ಮುತ್ತಕ್ಕಾ, ಮರದಡಿಗ್ ಬೆದರುಬೊಂಬೆ ಯಾರ್ ನಿಲ್ಸದ್ದ್?"

"ಬೊಂಬೆ ಅಲ್ಲ ಮಾರಾಯ್ತಿ, ನಮ್ಮನಿ ಅವ್ರ್!"

ಆಗಲೇ ಸೋಮಣ್ಣ ತನ್ನನ್ನು ನೋಡಿಕೊಂಡದ್ದು. ಅಂಗಿ, ಪಂಚೆ ಎರಡೂ ತಗಡಾಗಿದ್ದವು. ಕೂದಲು ನೆಟ್ಟಗೆ ನಿಂತಿತ್ತು. ಮೀಸೆಗೆ ಬೂಷ್ಟಿನ ಚೂರು ಅಂಟಿತ್ತು. ಹೌಹಾರಿ ಬಚ್ಚಲಿಗೆ ನಡೆದ. ನಡೆದ ಎನ್ನುವುದಕ್ಕಿಂತ ಸಾಗಿದ ಎನ್ನಬೇಕು, ಮಂಡಿ ಬಗ್ಗುತ್ತಿರಲಿಲ್ಲ.

"ಮುತ್ತೂ, ನಂದೇ ತಪ್ಪ್. ಕೈಮುಗಿತೆ, ಒಲಿಗ್ ಬೆಂಕಿ ಹಾಕ್ ಮಾರಾಯ್ತಿ!" ನಿಜವಾಗಿಯೂ ಕೈಮುಗಿಯಲು ಹೋದ. ತೋಳು ಮಡಚಲಿಲ್ಲ.

ಮುತ್ತುವಿಗೆ ಪಾಪ ಎನಿಸಿತು. "ಹಾಕ್ತಿದ್ದೆ. ಆರೆ ಒಳ್ಗೊಂದ್ಸಲ ಕಾಣಿ."

ಅಂಗಿ ಬಗ್ಗಗೊಟ್ಟಷ್ಟು ಬಗ್ಗಿ ಸೋಮಣ್ಣ ನೋಡಿದ. ಒಲೆಯ ಮೆತ್ತನೆ ಬೂದಿಯಲ್ಲಿ ಹೇಂಟೆ ಮೊಟ್ಟೆಗಳ ಮೇಲೆ ಕಾವು ಕೂತಿತ್ತು. ಇವನ ಮುಖ ಕಂಡದ್ದೇ ರೆಕ್ಕೆಯುಬ್ಬಿಸಿ 'ಕೊರ್ರ್' ಎಂದಿತು.

"ಮರಿ ಆಪಲ್ಲಿವರಿಗೂ ಅದನ್ನ್ ಎಬ್ಸುಕ್ ಆಪುದಿಲ್ಲ," ಎಂದಳು ಮುತ್ತು, ಚೆಂಬು ಅವನ ಕೈಗೆ ಕೊಡುತ್ತ. "ತಣ್ಣೀರ್ ಮೈಗ್ ಒಳ್ಳೇದ್ ಅಂದೇಳಿ ನೀವೇ ಹೇಳದ್ದಲ್ದಾ?"

ಸೋಮಣ್ಣ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಮೊದಲ ಚೆಂಬು ಸುರಿದುಕೊಂಡ. ಗಂಜಿ ಹೋಗಲಿಲ್ಲ, ಅಂಟಾಯಿತು.