ಕಾಕಾನ ಕಪಾಟಿನ ತಿಮಿಂಗಿಲ

ನಮ್ಮ ಕಾಕಾನ ಬಾಯಲ್ಲಿ ಈಗ ಒಂದೂ ಹಲ್ಲಿಲ್ಲ. ಆದರೆ ಇಡೀ ಬ್ಯಾಡಗಿಯಲ್ಲಿ ಅವನಷ್ಟು ಹಲ್ಲುಗಳ ಒಡೆಯ ಇನ್ನೊಬ್ಬನಿರಲಿಲ್ಲ! ಎಲ್ಲವೂ ಶಾರ್ಕ್ ಮೀನು, ತಿಮಿಂಗಿಲಗಳವು. ಕೋಟಿಗಟ್ಟಲೆ ವರ್ಷ ಮಣ್ಣಲ್ಲಿದ್ದು ಕಲ್ಲಾದವು.

ಸಮುದ್ರವೇ ಕಾಣದ ಊರಿಗೆ ತಿಮಿಂಗಿಲ ಹೇಗೆ ಬಂತು ಅಂತೀರಾ? ಮೆಣಸಿನಕಾಯಿ ಲಾರಿಯಲ್ಲಿ! ಕಾಕಾ ವ್ಯಾಪಾರಕ್ಕೆಂದು ಗುಜರಾತಿನ ಕಚ್ಛ್ ಕಡೆ ಹೋಗುತ್ತಿದ್ದ. ಅಲ್ಲಿನ ಒಣ ಹೊಳೆಗಳ ಕಣಿವೆಯಲ್ಲಿ ಇವು ಸಿಗುತ್ತವೆಂದು ಯಾರೋ ಹೇಳಿದ್ದೇ ತಡ, ಗಿರಾಕಿಯನ್ನು ಚಹಾಕ್ಕೆ ಕೂರಿಸಿ ತಾನು ಹೊಳೆಗೆ ಓಡಿದನಂತೆ. ಹೋಗುವಾಗ ಚೀಲದಲ್ಲಿ ಮೆಣಸಿನಕಾಯಿ, ಬರುವಾಗ ಅದೇ ಚೀಲದಲ್ಲಿ ಹಲ್ಲು!

ಕಾಕಾನ ಹೆಂಡತಿ, ನಮ್ಮ ಕಾಕು, ಸುಮ್ಮನಿದ್ದಾಳೆಯೇ? “ಅಲ್ರೀ, ಶ್ರಾವಣದಾಗ ಉಳ್ಳಾಗಡ್ಡಿ ಸೈತ ಒಳಗ ಬಿಡದ ಮನ್ಯಾಗ ಮೀನಿನ ಹಲ್ಲು ತಂದಿಟ್ಟೀರಲ್ಲ!”

“ಕಲ್ಲಾಗ್ಯಾವ ಬಿಡು. ಕಲ್ಲಿಗೆ ಎಲ್ಲಿ ಮೈಲಿಗಿ? ನೀ ದಿನಾ ಪೂಜಿ ಮಾಡೂದೂ ಕಲ್ಲಿಗೇ ಅಲ್ಲೇನು?”

ಆ ವಾರವೆಲ್ಲ ಕಾಕಾನಿಗೆ ಬರೀ ಅನ್ನ-ಸಾರು.

ಊರವರೂ ನಂಬಲಿಲ್ಲ. “ಎಮ್ಮಿ ಹಲ್ಲು ಇರಬೇಕ್ರಿ ಸಾವ್ಕಾರ್ರ” ಎಂದು ಹಮಾಲರು ನಗುತ್ತಿದ್ದರು. ಕಾಕಾನೂ ನಗುತ್ತಿದ್ದ, ಆದರೆ ಒಳಗೊಳಗೇ ನೋಯುತ್ತಿದ್ದ. ಸಾಯುವುದರೊಳಗೆ ತಿಳಿದವರೊಬ್ಬರು ‘ಖರೇ’ ಎಂದರೆ ಸಾಕೆಂಬುದು ಅವನ ಒಂದೇ ಆಸೆ.

ಮೊನ್ನೆ ರಾಣೆಬೆನ್ನೂರಿನಿಂದ ಭೂಗರ್ಭಶಾಸ್ತ್ರದ ಪ್ರೊಫೆಸರರೊಬ್ಬರನ್ನು ಕರೆತಂದೆ. ಒಂದು ಹಲ್ಲನ್ನು ಭೂತಗನ್ನಡಿ ಹಿಡಿದು ನೋಡಿದವರೇ ಬೆರಗಾದರು. “ಇಂಥಾ ಕೆಂಪು ನಾ ಎಲ್ಲೂ ನೋಡಿಲ್ರಿ! ಆ ಕಾಲದ ಮಣ್ಣಿನ ಗುಣ ಇರಬೇಕು” ಎಂದು ಬರೆದುಕೊಂಡರು. ಹಳೆಯ ಎಲುಬಾದರೆ ನಾಲಿಗೆಗೆ ಅಂಟುತ್ತದೆಯೆಂದು ಹಲ್ಲಿನ ಬೇರಿನ ತುದಿ ನೆಕ್ಕಿಯೂ ನೋಡಿದರು. ನಾಲಿಗೆಯೇ ಕೆಂಪಾಯಿತು!

“ಸರ, ಅದು ನಮ್ಮ ಮೆಣಸಿನಕಾಯಿ ಬಣ್ಣರಿ. ಖಾರ ಕಡಿಮಿ, ಹೆದರಬ್ಯಾಡ್ರಿ” ಎಂದ ಕಾಕಾ.

ಪ್ರೊಫೆಸರರು ನಕ್ಕು, ಬರೆದದ್ದನ್ನು ಹೊಡೆದುಹಾಕಿ, ಹಲ್ಲನ್ನು ತೊಳೆಸಿ ಮತ್ತೆ ನೋಡಿದರು. “ಬಣ್ಣ ಸುಳ್ಳಾದ್ರೂ ಹಲ್ಲು ಖರೇನರಿ. ಇದು ತಿಮಿಂಗಿಲದ್ದು. ಕಾಲೇಜಿಗೆ ಕೊಡ್ತೀರೇನು? ಹುಡುಗರು ನೋಡಿ ಕಲೀತಾರ.”

ಕಾಕಾನ ಕಣ್ಣು ತುಂಬಿ ಬಂತು. ಹಿಂದೆಮುಂದೆ ನೋಡದೆ ಎಲ್ಲವನ್ನೂ ಕೊಟ್ಟುಬಿಟ್ಟ!

ಕಾರು ಹೋದ ಮೇಲೆ ಖಾಲಿ ಕಪಾಟಿನ ಮುಂದೆ ನಿಂತೇ ಇದ್ದ. ಕಾಕು ಬಂದು ತನ್ನ ಎಲೆ-ಅಡಿಕೆ ಸಂಚಿ ಬಿಚ್ಚಿ, ಪುಟ್ಟ ಶಾರ್ಕ್ ಹಲ್ಲೊಂದನ್ನು ಅವನ ಅಂಗೈಯಲ್ಲಿಟ್ಟಳು.

“ಇದನ್ನ ಯಾವಾಗ ತಗದಿಟ್ಟಿ?”

“ನೀವು ಮೊದಲ ತಂದದ್ದು ಇದು. ಅವತ್ತೇ ತಗದಿಟ್ಟೇನಿ. ನೀವು ಊರಿಗೆ ಹೋದಾಗೆಲ್ಲ ಇದನ್ನ ಕೈಯಾಗ ಹಿಡಕೊಂಡು ಕುಂದ್ರತಿದ್ದೆ.”

ಕಾಕಾ ಆ ಹಲ್ಲನ್ನು ಮತ್ತೆ ಅವಳ ಸಂಚಿಗೇ ಹಾಕಿ, ದಾರವನ್ನು ತಾನೇ ಎಳೆದು ಕಟ್ಟಿದ.